ರೆಕ್ಕೆಗೊಂದು ಜಿಪ್ಪು

ಸಾವಿರದ ಒಂಬೈನೂರ ಎಂಬತ್ತೆಂಟನೆಯ ಇಸವಿಯಲ್ಲಿ, ಏಳನೇ ತರಗತಿಯ ಫಲಿತಾಂಶ ಬಂದ ಮರುದಿನ, ನಾನು ವಿದ್ಯಾಭ್ಯಾಸ ನಿಲ್ಲಿಸಿದೆ. ಫೇಲಾಗಿ ಬಿಟ್ಟೆನೆಂದು ತಿಳಿಯಬೇಡಿ. ಗಣಿತದಲ್ಲಿ ಅರವತ್ತೆರಡು ಅಂಕ ತೆಗೆದು, ಪಾಸಾಗಿಯೇ ಬಿಟ್ಟೆ. ದಿಲ್ಲಿಯಲ್ಲಿ ಗಾದಿ ಹೊಲಿಯುತ್ತಿದ್ದ ಸೋದರಮಾವನಿಗೆ ಜೊತೆಗೊಬ್ಬ ಬೇಕಾಗಿತ್ತು, ನನಗೆ ರೈಲು ಹತ್ತಬೇಕಾಗಿತ್ತು. ಇಬ್ಬರ ಆಸೆಯೂ ಒಂದೇ ಟಿಕೇಟಿನಲ್ಲಿ ತೀರಿತು. ಅಂದು ಕೈಗೆ ಬಂದ ಸೂಜಿ ಇಂದಿಗೂ ಕೆಳಗಿಳಿದಿಲ್ಲ. ಈಗ ನೋಯ್ಡಾದಲ್ಲಿ ನನ್ನದೇ ಸೋಫಾ ಅಂಗಡಿಯಿದೆ. ಈ ಊರಿನ ಎತ್ತರದ ಸೊಸೈಟಿಗಳಲ್ಲಿ ಹಾಯಾಗಿ ಒರಗಿ ಟೀವಿ ನೋಡುವ ಎಷ್ಟೋ ಮಂದಿ ತಮಗೇ ಗೊತ್ತಿಲ್ಲದಂತೆ ನನ್ನ ಮೇಲೆ ಕುಳಿತಿದ್ದಾರೆ. ನನ್ನ ಕೆಲಸದ ಮೇಲೆ ಅನ್ನಿ, ಎರಡೂ ಒಂದೇ.

ಆದರೆ ನೋಡಿ, ಸೋಫಾ ಹೊಲಿದವನ ಹೆಸರು ಸೋಫಾದ ಮೇಲಿರುವುದಿಲ್ಲ. ಬಟ್ಟೆ ಕಂಪನಿಯ ಚೀಟಿ ಇರುತ್ತದೆ, ಫೋಮ್ ಕಂಪನಿಯ ಮುದ್ರೆ ಇರುತ್ತದೆ. ಹೊಲಿದವನು ನೆನಪಾಗುವುದು ಹೊಲಿಗೆ ಬಿಚ್ಚಿದಾಗ ಮಾತ್ರ. ಈ ನೋವನ್ನು ನಾನು ಮೂವತ್ತೈದು ವರ್ಷ ಯಾರಿಗೂ ಹೇಳದೆ ಕುಶನ್ನಿನೊಳಗೆ ಹತ್ತಿಯನ್ನು ತುಂಬಿದಂತೆ ಒತ್ತಿ ಒತ್ತಿ ಇಟ್ಟುಕೊಂಡಿದ್ದೆ.

ಹೀಗಿರುವಾಗ ಹೋದ ಚಳಿಗಾಲದಲ್ಲಿ ವಸುಧಾ ಮೇಡಂ ಫೋನು ಮಾಡಿದರು. ಮೈಸೂರಿನ ಹೆಣ್ಣುಮಗಳು, ದಿಲ್ಲಿಯ ಹೌಜ್ ಖಾಸ್‌ನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಾರೆ. ಅವರ ಮನೆಯ ದಿವಾನಕ್ಕೆ ಎರಡು ಸಲ ಬಟ್ಟೆ ಬದಲಿಸಿದವನು ನಾನು. ವಿಮಾನದ ಚರಿತ್ರೆಯ ಬಗ್ಗೆ ಒಂದು ಪ್ರದರ್ಶನವಂತೆ. ಅದಕ್ಕಾಗಿ ಅವರ ವಿದ್ಯಾರ್ಥಿಗಳು ನೂರು ವರ್ಷ ಹಿಂದಿನ ಯುದ್ಧವಿಮಾನದ ಒಂದು ರೆಕ್ಕೆಯನ್ನು, ಅಸಲಿನಷ್ಟೇ ಉದ್ದಕ್ಕೆ, ಮರದಲ್ಲಿ ಕಟ್ಟಿದ್ದಾರಂತೆ. ಬಟ್ಟೆಯನ್ನು ಗೋಂದು ಹಚ್ಚಿ ಅಂಟಿಸಲು ಹೋದರೆ ಅದು ಅಜ್ಜಿಯ ಕೆನ್ನೆಯ ಹಾಗೆ ಸುಕ್ಕುಗಟ್ಟುತ್ತಿದೆಯಂತೆ. ನೀವು ಬಂದು ಹೊಲಿದುಕೊಡಬೇಕು ಎಂದರು.

ವಿಮಾನಕ್ಕೆ ಬಟ್ಟೆಯೇ ಎಂದು ನಾನು ಬೆರಗಾದೆ. ರೈಲಿನಂತೆ ಅದೂ ಹುಟ್ಟಿನಿಂದಲೇ ಲೋಹದ್ದು ಎಂದು ನಂಬಿದ್ದವನು ನಾನು. ಮೇಡಂ ಬಿಡಿಸಿ ಹೇಳಿದರು: ಆ ಕಾಲದ ವಿಮಾನಕ್ಕೆ ಮರದ ಮೂಳೆ, ನಾರುಬಟ್ಟೆಯ ಚರ್ಮ, ಯುದ್ಧ ಬಂದಾಗ ಕುರ್ಚಿ ಮೇಜು ಮಾಡುವವರು ಅದರ ಮೂಳೆ ಕಟ್ಟಿದರು, ಹೆಂಗಸರು ಸಾಲಾಗಿ ಕುಳಿತು ಚರ್ಮ ಹೊಲಿದರು. ಮೊದಲು ಹಾರಿದ ಅಣ್ಣತಮ್ಮಂದಿರು ಸೈಕಲ್ ಅಂಗಡಿಯವರು, ಹೈಸ್ಕೂಲಿನ ಸರ್ಟಿಫಿಕೇಟು ಇಬ್ಬರಿಗೂ ಇರಲಿಲ್ಲ ಎಂದು ಅವರು ಅಂದಾಗಲಂತೂ ನನ್ನ ಎದೆ ಎರಡು ಅಂಗುಲ ಉಬ್ಬಿತು. ಟೇಪು ಕುತ್ತಿಗೆಯಲ್ಲೇ ಇತ್ತು, ಅಳೆಯಬಹುದಿತ್ತು. ಕೂಲಿ ಬೇಡ ಎಂದೆ. ಒಂದೇ ಷರತ್ತು: ಪ್ರದರ್ಶನದ ಬೋರ್ಡಿನಲ್ಲಿ ನನ್ನ ಹೆಸರಿರಬೇಕು, ಉಳಿದವರಷ್ಟೇ ದಪ್ಪ ಅಕ್ಷರದಲ್ಲಿ. ಮೇಡಂ ಒಪ್ಪಿದರು.

ಅಂದಿನಿಂದ ನನಗೆ ಆಕಾಶದ ಹುಚ್ಚು. ಮೊಬೈಲಿನಲ್ಲಿ ಹಳೆಯ ವಿಮಾನಗಳನ್ನು ನೋಡುವುದೇ ಕೆಲಸ. ಆ ಯುದ್ಧದ ಮೊದಮೊದಲಲ್ಲಿ ಎದುರಾಳಿ ಪೈಲಟ್ಟುಗಳು ಆಕಾಶದಲ್ಲಿ ಎದುರಾದರೆ ಕೈಬೀಸಿ ಮುಂದೆ ಹೋಗುತ್ತಿದ್ದರಂತೆ. ಆಮೇಲೆ ಯಾರಿಗೋ ಬುದ್ಧಿ ಬಂದು, ಅಥವಾ ಹೋಗಿ, ಪಿಸ್ತೂಲು ಒಯ್ದರಂತೆ. ಮನುಷ್ಯ ಭೂಮಿ ಬಿಟ್ಟು ಮೇಲೇರಿದರೂ ಬೀದಿಜಗಳ ಬಿಡಲಿಲ್ಲ ನೋಡಿ. ನನಗೆ ಬಹಳ ಹಿಡಿಸಿದ್ದು ಹರಳೆಣ್ಣೆಯ ಸಂಗತಿ. ಆ ಎಂಜಿನ್ನುಗಳಿಗೆ ಹರಳೆಣ್ಣೆಯೇ ಬೇಕಿತ್ತು. ತಿರುಗುವ ಎಂಜಿನ್ನು ಅದನ್ನು ಹಿಂದಕ್ಕೆ ಎರಚುತ್ತಿತ್ತು. ಹಿಂದೆ ಕುಳಿತ ವೀರನ ಮೂಗುಬಾಯಿಗಳಲ್ಲಿ ಅದೇ ಎಣ್ಣೆ. ನಮ್ಮವ್ವ ವರ್ಷಕ್ಕೆರಡು ಸಲ ಮೂಗು ಹಿಡಿದು ಕುಡಿಸುತ್ತಿದ್ದುದು ಅದನ್ನೇ. ಕುಡಿದ ದಿನ ನಾವು ಹಿತ್ತಲು ಬಿಟ್ಟು ಕದಲುತ್ತಿರಲಿಲ್ಲ. ಆ ಮಹಾನುಭಾವರು ಅದನ್ನು ಕುಡಿದುಕೊಂಡೇ ಶತ್ರುವನ್ನು ಅಟ್ಟಿಸಿಕೊಂಡು ಹೋದರಲ್ಲ! ಶೌರ್ಯಕ್ಕೆ ಪದಕ ಕೊಟ್ಟವರು ಕಾರಣ ಪೂರ್ತಿ ಬರೆಯಲಿಲ್ಲ ಎಂದು ನನ್ನ ಗುಮಾನಿ.

ಇಷ್ಟೆಲ್ಲ ತಿಳಿದುಕೊಂಡ ಪಂಡಿತ ಮಾಡಿದ್ದೇನು, ಕೇಳಿ. ರೆಕ್ಕೆಯ ಅಳತೆ ತಂದು, ಅಂಗಡಿಯಲ್ಲಿ ಮೂರು ದಿನ ಕುಳಿತು, ಒಂದು ಎಳೆ ಆಚೀಚೆಯಾಗದಂತೆ ಗವಸು ಹೊಲಿದೆ. ಟೆಂಪೋದಲ್ಲಿ ಒಯ್ದು ತೊಡಿಸಿದೆ. ಕಾಲಿಗೆ ಕಾಲುಚೀಲದಂತೆ ಕುಳಿತಿತು. ಮೇಡಂ ಕಣ್ಣರಳಿಸಿದರು. ಅವರ ಪಕ್ಕದಲ್ಲಿ ನಾರಾಯಣಪ್ಪನವರಿದ್ದರು. ಇವರು ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ ನಿವೃತ್ತರಾದವರು. ಮಕ್ಕಳಿಗೆ ಸಲಹೆ ಕೊಡಲೆಂದು ಇಂದಿರಾಪುರಂನಿಂದ ಟಿಫಿನ್ ಡಬ್ಬಿಯ ಸಮೇತ ಬರುತ್ತಿದ್ದರು. ಅವರು ರೆಕ್ಕೆಯ ಹಿಂದಕ್ಕೆ ಹೋಗಿ ನಿಂತವರು ಅಲ್ಲಿಂದ ಕದಲಲಿಲ್ಲ.

"ಏನಯ್ಯಾ ಇದು?"

"ಜಿಪ್ಪು ಸಾರ್."

ಹೌದು, ಜಿಪ್ಪು. ಹನ್ನೊಂದು ಅಡಿ ಉದ್ದದ ಹಿತ್ತಾಳೆಯ ಜಿಪ್ಪು, ರೆಕ್ಕೆಯ ಹಿಂದಂಚಿನ ಉದ್ದಕ್ಕೂ. ಈ ಊರಿನ ಧೂಳಿಗೆ ಜಿಪ್ಪಿಲ್ಲದ ಕವರು ಹೊಲಿದರೆ ಗಿರಾಕಿ ಮತ್ತೆ ಮುಖ ನೋಡುವುದಿಲ್ಲ. ಮೂವತ್ತೈದು ವರ್ಷದಲ್ಲಿ ನನ್ನ ಕೈ ಜಿಪ್ಪಿಲ್ಲದೆ ಒಂದು ಕವರನ್ನೂ ಮುಗಿಸಿಲ್ಲ. ಆರು ತಿಂಗಳಿಗೊಮ್ಮೆ ಬಿಚ್ಚಿ ಮೆಷಿನ್ನಿಗೆ ಹಾಕಿದರೆ ಹೊಸದರಂತಿರುತ್ತದೆ ಎಂದು ನಾನು ಸಮಜಾಯಿಷಿ ಬೇರೆ ಕೊಟ್ಟೆ.

ನಾರಾಯಣಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷ ವಿಮಾನಗಳ ಮಧ್ಯೆ ಇದ್ದೆ. ಗುಂಡು ತಿಂದದ್ದು ನೋಡಿದೀನಿ, ಹದ್ದಿಗೆ ಗುದ್ದಿಸಿಕೊಂಡು ಬಂದದ್ದು ನೋಡಿದೀನಿ. ಒಗೆಯೋಕೆ ಹಾಕಿದ್ದು ನೋಡಿಲ್ಲ."

ವಿದ್ಯಾರ್ಥಿಗಳು ನಕ್ಕರು. ಸಿಮ್ರನ್ ಎಂಬ ಹುಡುಗಿ, ಹಾರುವಾಗ ಜಿಪ್ಪು ತೆರೆದುಕೊಂಡರೆ ಪೈಲಟ್ಟಿನ ಗತಿಯೇನು ಅಂಕಲ್‌ಜೀ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದಳು. ಅವರ ನಗುವನ್ನು ಸಹಿಸಿಕೊಳ್ಳಬಹುದಿತ್ತು, ಆದರೆ ನಾರಾಯಣಪ್ಪನವರು ಮೇಡಂ ಕಡೆ ತಿರುಗಿ, ಪ್ರದರ್ಶನಕ್ಕೆ ಉಳಿದಿರುವುದು ಒಂದೇ ವಾರ, ಇದು ಪರದೆ ಹೊಲಿಯುವವರ ಕೈಯಲ್ಲಿ ಆಗುವ ಕೆಲಸವಲ್ಲ, ಬೇರೆ ಯಾರನ್ನಾದರೂ ನೋಡೋಣ ಅಂದರು. ಪರದೆ! ಪರದೆ ಹೊಲಿಯುವವನು ನೇರ ಗೆರೆ ಬಿಟ್ಟು ಬೇರೆ ಕಂಡವನಲ್ಲ. ನನ್ನ ಹೆಸರು ಬೋರ್ಡಿನಿಂದ ಜಾರುವುದು ಕಣ್ಣಿಗೆ ಕಂಡಿತು. ಎರಡು ದಿನ ಕೊಡಿ ಮೇಡಂ ಎಂದೆ. ಮೇಡಂ ಜಿಪ್ಪನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ತಮ್ಮ ದಿವಾನವನ್ನು ನೆನಪಿಸಿಕೊಂಡರೋ ಏನೋ, ಕೊಟ್ಟರು.

ಹನ್ನೊಂದು ಅಡಿಯನ್ನೂ ಅವರೆಲ್ಲರ ಎದುರಿಗೇ ಬ್ಲೇಡು ಹಿಡಿದು ಬಿಚ್ಚಿದೆ. ಆಮೇಲೆ ನಾರಾಯಣಪ್ಪನವರನ್ನೇ, ಅಸಲು ಹೇಗಿತ್ತು ತೋರಿಸಿ ಎಂದು ಕೇಳಿದೆ. ಅವರು ಒಲ್ಲದ ಮನಸ್ಸಿನಿಂದ ಒಂದು ಹಳೆಯ ನಕ್ಷೆ ಬಿಡಿಸಿದರು. ಹಾರುವಾಗ ಗಾಳಿ ಮೇಲಿನ ಬಟ್ಟೆಯನ್ನು ಹೀರಿ ಎಳೆಯುತ್ತದೆ; ಆದ್ದರಿಂದ ಅದನ್ನು ಒಳಗಿನ ಪ್ರತಿಯೊಂದು ಪಕ್ಕೆಲುಬಿಗೂ ಸೇರಿಸಿ, ದಾರವನ್ನು ರೆಕ್ಕೆಯ ಈ ಬದಿಯಿಂದ ಆ ಬದಿಗೆ ದಾಟಿಸಿ ಹೊಲಿಯಬೇಕು. ಒಂದೊಂದು ಹೊಲಿಗೆಗೂ ಬೇರೆ ಗಂಟು. ಗುಂಡು ತಗುಲಿ ಒಂದು ಕಡಿದರೆ ಉಳಿದವು ಬಿಚ್ಚಿಕೊಳ್ಳಬಾರದು.

ನನಗೆ ನಗು ಬಂತು. ಮಾವನ ಅಂಗಡಿಯಲ್ಲಿ ಮೊದಲ ಸಲ ಗುಂಡಿ ಕುಶನ್ನು ಹೊಲಿದಾಗ, ದಾರ ಉಳಿಸುವ ಜಾಣತನದಲ್ಲಿ ಇಪ್ಪತ್ತು ಗುಂಡಿಗೂ ಒಂದೇ ದಾರ ಓಡಿಸಿದ್ದೆ. ಮಾವ ಬೆನ್ನಿಗೆ ಗುದ್ದಿ, ಮನೆಯಲ್ಲಿ ಮಗುವೊಂದು ಒಂದು ಗುಂಡಿ ಕಿತ್ತರೆ ಇಪ್ಪತ್ತೂ ಉದುರುತ್ತವಲ್ಲೋ, ಒಂದೊಂದಕ್ಕೂ ಬೇರೆ ಗಂಟು ಹಾಕು ಎಂದಿದ್ದ. ಗುಂಡಿಗೂ ಗುಂಡೇಟಿಗೂ ನಿಯಮ ಒಂದೇ! ಆ ಗುದ್ದು ವಿಮಾನಶಾಸ್ತ್ರದ ಮೊದಲ ಪಾಠವೆಂದು ಮಾವನಿಗೂ ತಿಳಿದಿರಲಿಕ್ಕಿಲ್ಲ.

ಬಿಚ್ಚಿದ ಹಿಂದಂಚನ್ನು ಕೈಹೊಲಿಗೆಯಲ್ಲಿ ಮುಚ್ಚಿ, ಚೀಲದಿಂದ ನನ್ನ ಗೇಣುದ್ದದ ಸೂಜಿ ತೆಗೆದೆ. ಸಿಮ್ರನ್ ರೆಕ್ಕೆಯ ಆ ಬದಿ, ನಾನು ಈ ಬದಿ. ಎರಡು ದಿನದಲ್ಲಿ ನೂರಾರು ಗಂಟು. ಮೊದಲ ಸಾಲಿನಲ್ಲಿ ನಗುತ್ತಿದ್ದ ಹುಡುಗಿ ಮೂರನೆಯ ಸಾಲಿಗೆ ನಾಲಿಗೆ ಕಚ್ಚಿಕೊಂಡು ಎಣಿಸುತ್ತಿದ್ದಳು. ಮುಗಿದ ಮೇಲೆ ಬಟ್ಟೆ ಬಿಗಿಯುವ ವಾರ್ನಿಷು ಬಳಿದು ಒಣಗಲು ಬಿಟ್ಟರು.

ಮರುದಿನ ನಾರಾಯಣಪ್ಪನವರು ಬಂದು ರೆಕ್ಕೆಗೆ ಬೆರಳಿನಿಂದ ತಟ್ಟಿದರು. ತಬಲಾದ ಹಾಗೆ ನುಡಿಯಿತು. ಇನ್ನೊಂದು ಕಡೆ ತಟ್ಟಿದರು. ಹಿಂದಂಚಿನ ಉದ್ದಕ್ಕೂ ಬೆರಳಾಡಿಸಿಕೊಂಡು ನಡೆದರು. ಹೊಗಳುತ್ತಾರೆಂದು ಕಾದೆ, ಹೊಗಳಲಿಲ್ಲ. ಟಿಫಿನ್ ಡಬ್ಬಿ ತೆರೆದು ಅವಲಕ್ಕಿಯನ್ನು ಎರಡು ಪಾಲು ಮಾಡಿ, ಒಂದನ್ನು ನನ್ನ ಕಡೆ ಸರಿಸಿದರು.

"ತಗೊಳ್ಳಿ ಬಸವರಾಜ್ ಅವರೇ."

'ಏನಯ್ಯಾ'ದಿಂದ 'ಅವರೇ'ವರೆಗೆ ಎಷ್ಟು ದೂರ ಎಂಬುದು ನಡೆದವನಿಗೇ ಗೊತ್ತು.

ಕೊನೆಗೆ ಬೋರ್ಡಿನ ಸರದಿ. ಸಿಮ್ರನ್ ಟೈಪು ಮಾಡುತ್ತಿದ್ದಳು. ಪ್ರತಿ ಹೆಸರಿನ ಮುಂದೆ ಓದಿದ್ದೇನು ಎಂದೂ ಹಾಕಬೇಕಿತ್ತು. ಮೇಡಂ ಹೆಸರಿಗೆ ಬಾಲದಂತೆ ಮೂರು ಪದವಿ. "ಅಂಕಲ್‌ಜೀ, ಆಪ್‌ಕಾ?" ಎಂದಳು. ಒಪ್ಪಿಕೊಂಡುಬಿಡುತ್ತೇನೆ, ಗೆಳೆಯರೇ: ಈ ಊರಿನಲ್ಲಿ ಯಾರು ಕೇಳಿದರೂ ನಾನು ಮೆಟ್ರಿಕ್ ಎಂದೇ ಹೇಳಿಕೊಂಡು ಬಂದವನು. ಆ ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಎದುರಿಗೆ ನೂರಾರು ಗಂಟುಗಳಿದ್ದವು, ಒಂದೂ ಸುಳ್ಳಾಗಿರಲಿಲ್ಲ.

"ಸಾತ್ವೀಂ ಪಾಸ್," ಎಂದೆ, ಏಳನೇ ತರಗತಿ ಪಾಸು. "ಪಾಸ್ ಜರೂರ್ ಲಿಖ್‌ನಾ, ಬೇಟಾ."

'ಪಾಸ್' ಎಂಬುದನ್ನೂ ಮರೆಯದೆ ಬರೆದಳು. ಬೋರ್ಡು ಅಚ್ಚಾಗಿ ಬಂದಾಗ ಅಕ್ಷರ ಉಳಿದವರಷ್ಟೇ ದಪ್ಪವಿದೆಯೇ ಎಂದು ಟೇಪಿನಿಂದ ಅಳೆದೆ. ಇತ್ತು.

ಇಂದಿಗೆ ನನ್ನ ಲೆಕ್ಕ ಇಷ್ಟು: ಅಂಗಡಿ ಒಂದು, ಹೊಲಿಗೆ ಯಂತ್ರ ಎರಡು, ಕತ್ತರಿ ಐದು, ಹೆಂಡತಿ ಒಬ್ಬಳು, ಕಾಲೇಜಿಗೆ ಹೋಗುವ ಮಗಳು ಒಬ್ಬಳು, ನೋಯುವ ಮಂಡಿ ಎರಡು. ರೆಕ್ಕೆ, ಒಂದೇ.