ಪಿನ್ನು ಹೊಡೆದ ಕಾಗದಗಳು

ಮುಂಬೈ ವಿಮಾನ ನಿಲ್ದಾಣದ ಸರದಿಯಲ್ಲಿ ನನ್ನ ಮುಂದೆ ಕಣ್ಣು ಕಾಣದ ಧಾರವಾಡದ ಮಾಸ್ತರರೊಬ್ಬರಿದ್ದರು, ಜೊತೆಗೆ ಅವರಿಗೆ ದಾರಿ ತೋರಿಸುವ ನಾಯಿ. ಕೌಂಟರಿನ ಹುಡುಗಿ ನಾಯಿಯ ಕಾಗದಪತ್ರ ಕೇಳಿದಳು. ಅವರು ಪ್ರತಿ ಹಾಳೆಯ ಮೂಲೆಗೆ ಗುರುತಿಗೆಂದು ಹೊಡೆದಿದ್ದ ಸ್ಟೇಪ್ಲರ್ ಪಿನ್ನುಗಳನ್ನು ಬೆರಳಲ್ಲೇ ಎಣಿಸಿ ಒಂದೊಂದಾಗಿ ಕೊಟ್ಟರು: ಒಂದು ಪಿನ್ನಿನದು ಲಸಿಕೆಯದು, ಎರಡರದು ಪಶುವೈದ್ಯರದು, ಮೂರರದು ತರಬೇತಿಯದು. ಕಣ್ಣಿರುವ ನಾನು ಇನ್ನೂ ಆಧಾರ್ ಕಾರ್ಡಿಗಾಗಿ ಚೀಲ ತಡಕುತ್ತಿದ್ದೆ.

ಹುಡುಗಿ ಒಳಗೆ ಹೋಗಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ತಂದಳು.

"ಆಲ್ ಓಕೆ, ಅಂಕಲ್. ಪಿನ್ ಎಲ್ಲ ತೆಗ್ದೆ, ಮಷಿನ್‌ನಲ್ಲಿ ಅಟಕ್ ಆಗ್ತದೆ," ಎಂದಳು ತನ್ನ ಮುಂಬೈ ಕನ್ನಡದಲ್ಲಿ.

ಮಾಸ್ತರರು ಮೂರೂ ಹಾಳೆಗಳ ಮೂಲೆ ಸವರಿದರು. ನಾಯಿ ಹೊರಡಲೆಂದು ಎದ್ದು ನಿಂತಿತು. ಅವರು ಕದಲಲಿಲ್ಲ.

"ಮುಂದ ಸೆಕ್ಯೂರಿಟಿಯವರೂ ಕೇಳ್ತಾರಲ್ಲವಾ," ಎಂದರು. "ಈಗ ಇದರಾಗ ಲಸಿಕೀದು ಯಾವುದು?"