ಬಳೆ ತೊಟ್ಟು ಹೋದವರ ಕಾರ್ಡುಗಳು

ಹಾರೋಹಳ್ಳಿಯ ಸುತ್ತ ರಾಗಿ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದ ಕಾಲ. ಅಂಥ ಒಂದು ಶೆಡ್ಡಿನಲ್ಲಿ, ಹೊರದೇಶಕ್ಕೆ ಶರ್ಟು ಹೊಲಿದು ಕಳಿಸುವ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ, ನಾನು ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಗೆಣ್ಣಿಗೆ ಹೊಡೆದು ಕಲಿಸಿದ ಹ್ಯಾಂಡ್‌ರೈಟಿಂಗ್, ಅವರೇ ತಿದ್ದಿದ ಇಂಗ್ಲಿಷ್, ಇವೆರಡೇ ನನ್ನ ಕ್ವಾಲಿಫಿಕೇಷನ್. ಕನಕಪುರದಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ. ಬೆಳಿಗ್ಗೆ ಅವಳ ಬಾಯಿಗೆ ಗಂಜಿ ಹಾಕಿ, ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಬೆಂಗಳೂರಿನ ಬಸ್ಸು ಹತ್ತಿ ಹಾರೋಹಳ್ಳಿಯಲ್ಲಿ ಇಳಿಯುತ್ತಿದ್ದೆ. ಫ್ಯಾಕ್ಟರಿಯ ಹುಡುಗಿಯರೆಲ್ಲರ ಬಾಯಲ್ಲೂ ನಾನು ‘ಮಿಸ್’. ಟೀಚರ್ ಅಲ್ಲದಿದ್ದರೂ.

ಹೊಲಿಗೆ ಲೈನಿನಲ್ಲಿ ಕೂರುತ್ತಿದ್ದವರೆಲ್ಲ ಮರಳವಾಡಿ ಕಡೆಯ, ಕನಕಪುರ ಕಡೆಯ ಹುಡುಗಿಯರು. ಅಪ್ಪನಿಗೆ ಒಂದಿಷ್ಟು ಹೊಲ, ಮನೆಯಲ್ಲಿ ರೇಷ್ಮೆ ಹುಳು, ಮದುವೆಯಾಗುವ ತನಕ ಫ್ಯಾಕ್ಟರಿ ಎಂಬ ಲೆಕ್ಕದವರು. ಮದುವೆ ಗೊತ್ತಾದ ಹುಡುಗಿ ಲಗ್ನಪತ್ರಿಕೆ ಹಿಡಿದು ನನ್ನ ಟೇಬಲ್ಲಿಗೆ ಬರುತ್ತಿದ್ದಳು. ನಾನು ಡ್ರಾಯರಿನಿಂದ ಕುಂಕುಮದ ಡಬ್ಬಿ ತೆಗೆದು, ಒಂದು ರವಿಕೆ ಕಣ, ಒಂದು ಡಜನ್ ಹಸಿರು ಬಳೆ ಕೊಟ್ಟು ಕಳಿಸುತ್ತಿದ್ದೆ. ಹಾಸ್ಟೆಲ್ ಬಿಟ್ಟು ಹೊರಡುವ ದಿನ ಸಿಸ್ಟರ್ಸ್ ನಮಗೆ ಕೇಕು ಕತ್ತರಿಸಿ ಕೊಟ್ಟು, ತಲೆ ಮೇಲೆ ಕೈಯಿಟ್ಟು ಕಳಿಸುತ್ತಿದ್ದರು. ಆ ಸೆಂಡ್ ಆಫನ್ನೇ ನಾನು ಬಳೆಗೆ ಬದಲಾಯಿಸಿಕೊಂಡಿದ್ದೆ, ಅಷ್ಟೆ. ಊಟದ ಬಿಡುವಿನಲ್ಲಿ ಲೈನಿನವರೆಲ್ಲ ಬಾಗಿಲಲ್ಲಿ ಮುತ್ತಿಕೊಳ್ಳುತ್ತಿದ್ದರು.

‘ಮಿಸ್, ನನ್ ಮದ್ವೆಗೂ ಇದೇ ಹಸಿರು ಬಳೆನಾ? ಕೆಂಪು ತರ್ಸಿ.’

‘ಮೊದ್ಲು ಗಂಡು ಬರ್ಲಿ ಕಣೇ, ಬಳೆ ಎಲ್ ಹೋದದು.’

‘ಬಂದಿದ್ನಂತೆ ಮಿಸ್. ಇವ್ಳು ಉಪ್ಪಿಟ್ಗೆ ಉಪ್ಪೇ ಹಾಕ್ದೆ ಕೊಟ್ಲಂತೆ. ನೀರ್ ಕುಡ್ಕೊಂಡ್ ಹೊಂಟೋದ.’

ಆ ನಗೆಯ ಹಿಂದೆ, ಬಾಗಿಲಿಗೆ ಒರಗಿ, ಕೈಕಟ್ಟಿ ನಗುತ್ತ ನಿಲ್ಲುತ್ತಿದ್ದವನು ನಮ್ಮ ಟೈಮ್ ಕೀಪರ್. ಗೇಟಿನ ಪಕ್ಕದ ಟೈಮ್ ಆಫೀಸು ಅವನದು. ಅಲ್ಲಿನ ಗೋಡೆಗೆ ಹೊಡೆದ ಕಬ್ಬಿಣದ ರ್‍ಯಾಕಿನಲ್ಲಿ ಒಬ್ಬೊಬ್ಬರದೂ ಒಂದೊಂದು ಹಳದಿ ಪಂಚ್ ಕಾರ್ಡು. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಮೆಷೀನಿಗೆ ತೂರಿಸಿದರೆ ಹೊತ್ತು ಬೀಳುತ್ತಿತ್ತು. ಆ ಕಾರ್ಡು ನೋಡಿಯೇ ಸಂಬಳ. ಸಂಬಳ ಆಗೆಲ್ಲ ಕ್ಯಾಶ್, ಕವರಿನಲ್ಲಿ. ಲೈನು ನಿಲ್ಲಿಸಬಾರದೆಂದು ಕವರುಗಳನ್ನು ಅವನೇ ಟ್ರೇಯಲ್ಲಿಟ್ಟುಕೊಂಡು ಮೆಷೀನುಗಳ ಹತ್ತಿರ ಹೋಗಿ, ಸೈನ್ ಹಾಕಿಸಿ ಹಂಚುತ್ತಿದ್ದ. ಎಲ್ಲರಿಗಿಂತ ಮೊದಲು ಬರುತ್ತಿದ್ದ, ಎಲ್ಲರೂ ಹೋದ ಮೇಲೆ ಹೋಗುತ್ತಿದ್ದ. ರಜೆ ಎಂಬುದೇ ಇಲ್ಲ. ಅವನ ತಂದೆ ತೀರಿಕೊಂಡಾಗ ಮಣ್ಣು ಮಾಡಿದ ಮಾರನೆಯ ದಿನ ಬೋಳಿಸಿದ ತಲೆಗೆ ಟವಲ್ ಸುತ್ತಿಕೊಂಡು ಬಂದು ಕೂತಿದ್ದ. ‘ಹೋಗಿ, ಹನ್ನೊಂದು ದಿನವಾದರೂ ಮನೆಯಲ್ಲಿರಿ’ ಎಂದೆ. ‘ಪೇ ಡೇ ಹತ್ರ ಐತಲ್ಲ ಮೇಡಂ, ಹುಡುಗೀರಿಗೆ ತೊಂದ್ರೆ ಆಯ್ತದೆ’ ಎಂದ. ನನ್ನ ಕಣ್ಣು ತುಂಬಿತು. ಹೊಸ ಮ್ಯಾನೇಜರ್ ಬಂದಾಗ ಡೆಡಿಕೇಷನ್ ಎಂದರೆ ಇದು ಎಂದು ನಾನೇ ಇವನ ಕಥೆ ಹೇಳಿದ್ದೆ.

ಅಪ್ಪನ ತಿಥಿಗೂ ಕುರ್ಚಿ ಬಿಡದವನು ಆ ಕುರ್ಚಿಯಲ್ಲಿ ಏನನ್ನು ಕಾಯುತ್ತಿದ್ದಾನೆ ಎಂದು ನಮ್ಮ ಪೈಕಿ ಒಬ್ಬರೂ ಕೇಳಲಿಲ್ಲ. ಈಗಿನ ಆಫೀಸುಗಳಲ್ಲಿ ವರ್ಷಕ್ಕೊಮ್ಮೆ ಕಡ್ಡಾಯ ರಜೆ ಕೊಟ್ಟು ಆ ಜಾಗಕ್ಕೆ ಬೇರೆಯವರನ್ನು ಕೂರಿಸುತ್ತಾರಂತೆ. ಕೇಳಿದಾಗೆಲ್ಲ ಆ ಕುರ್ಚಿ ಕಣ್ಣ ಮುಂದೆ ಬರುತ್ತದೆ.

ಇನ್ನೊಂದು ಮಾತು ಅವನು ಹೇಳಿದ್ದು, ನಾನು ತಲೆದೂಗಿದ್ದು. ಕೆಲಸ ಬಿಡುವವರಿಂದ ರೆಸಿಗ್ನೇಷನ್ ಲೆಟರ್ ತೆಗೆದುಕೊಳ್ಳಬೇಕೆಂದು ನಾನು ಒಂದು ಫಾರ್ಮ್ಯಾಟ್ ಟೈಪ್ ಮಾಡಿಟ್ಟಿದ್ದೆ. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

‘ಮೇಡಂ, ಗಂಡಸ್ರ ಕೈಲಿ ಬರಸ್ಕೊಳ್ಳಿ. ಧಾರೆಗ್ ಹೊಂಟಿರೋ ಹೆಣ್ಮಗೀನ ಕೈಲಿ “ಬುಟ್ಟೆ” ಅಂತ ಬರೆಸ್ಬಾರ್ದು. ನಮ್ ಕಡೆ ಹೋಯ್ತೀನಿ ಅಂತ್ಲೂ ಅನ್ನಕಿಲ್ಲ, ಬತ್ತೀನಿ ಅಂತಾರೆ. ನಿಮ್ಗೆ ಗೊತ್ತಿಲ್ದಿದ್ದಾ?’

ನನಗೂ ಗೊತ್ತಿತ್ತು. ದೀಪ ಆರಿತು ಅನ್ನದ ಮನೆಯಲ್ಲಿ ಬೆಳೆದವಳು ನಾನು. ಲೆಟರ್ ಬೇಡವೆಂದಾಯಿತು. ಬಳೆ ತೊಟ್ಟು, ‘ಬತ್ತೀನಿ ಮಿಸ್’ ಎಂದು ಗೇಟು ದಾಟಿದರೆ ಆ ಹುಡುಗಿ ಕೆಲಸ ಬಿಟ್ಟ ಹಾಗೆ. ಕಾಗದದಲ್ಲಿ ಮಾತ್ರ ಯಾರೂ ಹೋಗಿರಲಿಲ್ಲ.

ನನ್ನ ತಂಗಿಯ ಮಗಳಿಗೆ ಬಹಳ ವರ್ಷಕ್ಕೆ ಕೂಸು ಹುಟ್ಟಿತು. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಹೇಳಿಕೊಂಡಿದ್ದ ಹರಕೆಯ ಮರದ ತೊಟ್ಟಿಲು ಒಪ್ಪಿಸಲು ಒಂದು ಭಾನುವಾರ ಅವರ ಜೊತೆ ಹೋಗಿದ್ದೆ. ಗುಡಿಯ ಮೆಟ್ಟಿಲ ಬಳಿ ಯಾರೋ ಸೆರಗು ಹಿಡಿದು ಜಗ್ಗಿದರು.

‘ಮಿಸ್.’

ಕಾಲರ್ ಲೈನಿನ ಹುಡುಗಿ. ಚನ್ನಪಟ್ಟಣಕ್ಕೆ ಕೊಟ್ಟಿದ್ದರು. ಹಿಂದಿನ ವರ್ಷ ನಾನೇ ಬಳೆ ತೊಡಿಸಿ ಕಳಿಸಿದ್ದೆ. ಕೆನ್ನೆ ಒಳಗೆ ಹೋಗಿತ್ತು. ಪಕ್ಕದಲ್ಲಿ ಗಂಡ, ಬಲಗೈ ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜು. ಅವನು ಬೊಂಬೆ ಮಾಡುವವನು. ಕರೆಂಟಿನ ಚಕ್ರದಲ್ಲಿ ಮರ ತಿರುಗಿಸಿ ಅರಗು ಹಚ್ಚುವಾಗ ಚಕ್ರಕ್ಕೆ ಅಂಗಿಯ ತೋಳು ಸಿಕ್ಕಿ ಕೈಯನ್ನೂ ಎಳೆದುಕೊಂಡಿತ್ತು.

‘ನರ ಜೋಡ್ಸೋ ಆಪರೇಷನ್ ಬೇಗ ಮಾಡುಸ್ಬೇಕಂತೆ ಮಿಸ್. ಲೇಟಾದ್ರೆ ಬೆರಳು ಮಡಚಕ್ಕಾಗಲ್ಲ ಅಂದವ್ರೆ. ನನ್ ಪಿಎಫ್ ದುಡ್ ಬಂದ್ರೆ ಸಾಕು, ಕಟ್ಬುಡ್ತೀವಿ. ಗೇಟಿನ್ ತಾವ ಬಂದು ಬಂದು ಹೋಯ್ತಾ ಇವ್ನಿ. ಮುಂದಿನ್ ವಾರ ಬಾ ಅಂತಾರೆ ಟೈಮ್ ಆಫೀಸಿನ್ ಸಾರು.’

‘ನನ್ನ ಹತ್ತಿರ ಯಾಕೆ ಬರಲಿಲ್ಲ?’

‘ಮಿಸ್‌ಗೆ ತೊಂದ್ರೆ ಕೊಡ್ಬ್ಯಾಡ, ಅವ್ರ ತಾಯಿಗ್ ಹುಷಾರಿಲ್ಲ ಅಂದ್ರು. ಒಳ್ಳೇವ್ರು ಮಿಸ್ ಅವ್ರು. ಹೋದಾಗೆಲ್ಲ ಎಳ್ನೀರ್ ಕೊಡುಸ್ತಾರೆ. ಬಸ್ ಚಾರ್ಜು ಜೇಬಿಂದ ಕೊಡ್ತಾರೆ.’

ನಾನು ಪರ್ಸು ತೆಗೆದೆ. ಆಕೆ ನನ್ನ ಕೈ ಹಿಡಿದು ತಡೆದಳು. ‘ನಿಮ್ ದುಡ್ ಬ್ಯಾಡ ಮಿಸ್. ನನ್ ದುಡ್ ಕೊಡ್ಸಿ.’

ಸೋಮವಾರ ಬೆಳಿಗ್ಗೆ, ಅವನು ಸ್ಟೋರ್ಸಿಗೆ ಹೋಗಿದ್ದ ಹೊತ್ತಿನಲ್ಲಿ ಟೈಮ್ ಆಫೀಸಿಗೆ ಹೋದೆ. ಕೆಲಸ ಬಿಟ್ಟ ತಾರೀಕು ದಾಖಲಾಗದೆ ಪಿಎಫ್ ಬರುವುದಿಲ್ಲ; ಆಕೆಯ ಹೆಸರು ಯಾವ ತಾರೀಕಿಗೆ ತೆಗೆದಿದ್ದಾರೆಂದು ರಿಜಿಸ್ಟರಿನಲ್ಲಿ ನೋಡುವುದಷ್ಟೇ ನನ್ನ ಉದ್ದೇಶವಾಗಿತ್ತು. ಕಣ್ಣು ಸುಮ್ಮನೆ ರ್‍ಯಾಕಿನ ಮೇಲೆ ಹೋಯಿತು. ಆಕೆಯ ಕಾರ್ಡು ಅಲ್ಲೇ ಇತ್ತು. ತೆಗೆದು ನೋಡಿದೆ. ಆವತ್ತಿನ ಬೆಳಗಿನ ಹೊತ್ತು ಬಿದ್ದಿತ್ತು. ಬೆರಳಿಗೆ ಮಸಿ ಹತ್ತಿತು.

ನಿನ್ನೆ ದೊಡ್ಡಮಳೂರಿನ ಮೆಟ್ಟಿಲಲ್ಲಿ ನನ್ನ ಕೈ ಹಿಡಿದವಳು ಇವತ್ತು ಕಾಲರ್ ಲೈನಿಗೆ ಬಂದಿದ್ದಾಳೆ. ಪಕ್ಕದ ಕಾರ್ಡು ನೋಡಿದೆ, ಅದರಾಚೆಯದು ನೋಡಿದೆ. ಮಾಗಡಿಗೆ ಕೊಟ್ಟವಳು, ರಾಮನಗರಕ್ಕೆ ಹೋಗಿ ಎರಡನೆಯ ಬಸುರಿಯಾದವಳು, ಹೆರಿಗೆಯಲ್ಲಿ ತೀರಿಕೊಂಡಳೆಂದು ಕೇಳಿ ನಾವೆಲ್ಲ ಅತ್ತ ಒಬ್ಬಳು. ನನ್ನ ಕೈಯಿಂದ ಬಳೆ ತೊಟ್ಟು ಹೋದವರೆಲ್ಲ ಆವತ್ತು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದಿದ್ದರು. ಅವರ ಸಂಬಳದ ಕವರುಗಳೂ ತಿಂಗಳು ತಿಂಗಳು ಅವನ ಟ್ರೇಗೆ ಹೋಗಿದ್ದವು.

‘ಏನ್ ಮೇಡಂ, ಇಲ್ಲೀವರ್ಗೂ?’ ಅವನು ಬಾಗಿಲಲ್ಲಿ ನಿಂತಿದ್ದ. ನನ್ನ ಕೈಯಲ್ಲಿದ್ದದ್ದನ್ನು ನೋಡಿದ. ಓಡಲಿಲ್ಲ, ಬೆವರಲಿಲ್ಲ. ಬಾಗಿಲು ಮುಂದೆ ಮಾಡಿ, ನನಗೆ ಕುರ್ಚಿ ಎಳೆದು ಹಾಕಿದ.

‘ಆ ಕಾಲರ್ ಲೈನ್ ಹುಡುಗಿ ಸಿಕ್ಕಿದ್ಲಾ?’

ನಾನು ಕಾರ್ಡಿನ ಮೇಲೆ ಬಿದ್ದಿದ್ದ ಹೊತ್ತನ್ನು ಅವನತ್ತ ತಿರುಗಿಸಿ ಹಿಡಿದೆ.

‘ಅವ್ಳ ಪಿಎಫ್ ಫಾರಂ ಇವತ್ತೇ ಸೈನ್ ಹಾಕುಸ್ ಕೊಡ್ತೀನಿ ಮೇಡಂ. ಹಿಂದಿನ್ ತಾರೀಕಿಗೇ ಬುಟ್ಟವ್ಳೆ ಅಂತ ಸರಿ ಮಾಡ್ತೀನಿ. ನಾನೇ ಆಫೀಸ್ಗೆ ಹೋಗಿ ಕೂತು ದುಡ್ ಬರಂಗ್ ಮಾಡ್ತೀನಿ. ಅವ್ಳ ಗಂಡನ್ ಕೈ ಉಳೀತದೆ. ನೀವ್ ಒಸಿ ಸುಮ್ಕಿರಿ, ಮಿಕ್ಕಿದ್ದೂ ಒಂದೊಂದೇ ಕ್ಲೋಸ್ ಮಾಡ್ಬುಡ್ತೀನಿ.’

‘ಸುಮ್ಮನಿರದಿದ್ದರೆ?’

‘ನೀವ್ ಮ್ಯಾಲಕ್ ಹೇಳುದ್ರೆ ಎಲ್ಲಾ ಸೀಜ್ ಆಯ್ತದೆ. ನಂಗೇನೋ ಆಯ್ತದೆ, ಆಗ್ಲಿ ಬುಡಿ. ಆ ಹೆಣ್ಗೆ ಮಾತ್ರ ಒಂದ್ ಕಾಸೂ ಬರಕಿಲ್ಲ. ಯೋಚ್ನೆ ಮಾಡಿ.’

ಕಳ್ಳನ ಮಾತು, ತಪ್ಪಿಸಿಕೊಳ್ಳಲು ಏನಾದರೂ ಹೇಳುತ್ತಾನೆ ಎಂದುಕೊಂಡೆ. ಆನೆಸ್ಟಿ ಈಸ್ ದ ಬೆಸ್ಟ್ ಪಾಲಿಸಿ ಎಂದು ಕಾಪಿ ಬುಕ್ಕಿನ ಪುಟಗಟ್ಟಲೆ ಬರೆದು ಬೆಳೆದವಳು, ಬೇರೆ ಏನು ಮಾಡಬಹುದೆಂದು ಹೊಳೆಯಲೂ ಇಲ್ಲ. ಕಾರ್ಡನ್ನು ಸೆರಗಿನೊಳಗೆ ಮುಚ್ಚಿಕೊಂಡು ನೇರ ಮ್ಯಾನೇಜರ್ ಕ್ಯಾಬಿನ್ನಿಗೆ ನಡೆದೆ.

ಎಲ್ಲ ಸೀಜ್ ಆಗುತ್ತದೆ, ಆ ಹೆಣ್ಣಿಗೆ ದುಡ್ಡು ಬರುವುದಿಲ್ಲ ಎಂದಿದ್ದನಲ್ಲ, ಅವನು ಹೇಳಿದ್ದರಲ್ಲಿ ಅದೊಂದೇ ನಿಜವಾಗಿತ್ತು.

ಮಧ್ಯಾಹ್ನದೊಳಗೆ ಟೈಮ್ ಆಫೀಸಿಗೆ ಬೀಗ ಬಿತ್ತು. ಬೆಂಗಳೂರಿನಿಂದ ಆಡಿಟರ್‌ಗಳು ಬಂದರು, ಲಾಯರ್ ಬಂದರು. ಮ್ಯಾನೇಜರ್ ಒಳ್ಳೆಯ ಮನೆತನದ ಹುಡುಗ, ನನಗೆ ಮಗನಿದ್ದಿದ್ದರೆ ಅವನ ವಯಸ್ಸಿನವನು. ‘ವಿ ಆರ್ ಗ್ರೇಟ್‌ಫುಲ್, ಮೇಡಂ’ ಎಂದು ಎದ್ದು ನಿಂತು ಹೇಳಿದ. ನಾನು ಕಾಲರ್ ಲೈನಿನ ಹುಡುಗಿಯ ಫಾರಂ ಮುಂದಿಟ್ಟೆ.

‘ಅದು ಈಗ ಆಗಲ್ಲ ಮೇಡಂ. ಆ ಲಿಸ್ಟಲ್ಲಿರೋ ಎಲ್ಲರ ಸೆಟಲ್‌ಮೆಂಟೂ ಫ್ರೀಜ್ ಮಾಡಿದೀವಿ. ಸಂಬಳ ತಗೊಂಡಿರೋದಕ್ಕೆ ಅವರ ಸೈನ್ ಇದೆಯಲ್ಲ.’

‘ಆ ಸೈನ್ ಅವನು ಹಾಕಿದ್ದು.’

‘ಇರಬಹುದು. ಇನ್‌ಕ್ವೈರಿ ಮುಗೀಲಿ. ಕೊಲ್ಯೂಷನ್ ರೂಲ್ ಔಟ್ ಮಾಡೋಕಾಗಲ್ಲ.’

ಹುಡುಗಿಯನ್ನು ಕರೆಸಿದರು. ಗಂಡನನ್ನು ಆಸ್ಪತ್ರೆಯಲ್ಲಿ ಬಿಟ್ಟು ಎರಡು ಬಸ್ಸು ಬದಲಾಯಿಸಿ ಬಂದಳು. ಆಡಿಟರ್ ಒಂದು ಬಿಳಿ ಹಾಳೆ ಕೊಟ್ಟು ಸೈನ್ ಹಾಕು ಎಂದ. ಹಾಕಿದಳು. ಇನ್ನೊಂದು ಹಾಕು, ಬೇಗ ಹಾಕು, ನಿಧಾನವಾಗಿ ಹಾಕು. ಹಾಳೆ ತುಂಬುತ್ತ ಬಂದ ಹಾಗೆ ಅವಳ ಅಕ್ಷರ ಅವಳದೇ ಅಲ್ಲವೆಂಬಂತೆ ಸೊಟ್ಟಗಾಯಿತು. ಆಚೆ ಬಂದು ನನ್ನನ್ನು ಕೇಳಿದಳು.

‘ಕೊಲ್ಯೂಷನ್ ಅಂತ ಏನೇನೋ ಅಂದ್ರು. ಹಂಗಂದ್ರೇನ್ ಮಿಸ್?’

ಸಿಸ್ಟರ್ಸ್ ಕಲಿಸಿದ ಇಂಗ್ಲಿಷನ್ನು ನಾನು ಕನ್ನಡ ಮಾಡಿ ಹೇಳಿದೆ. ‘ನೀನೂ ಅವನ ಜೊತೆ ಸೇರಿಕೊಂಡಿದ್ದೆಯೇನೋ ಅಂತ ಅವರಿಗೆ ಅನುಮಾನ.’

ಅವಳು ಅಳಲಿಲ್ಲ. ಗೇಟಿನ ಕಲ್ಲಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಕಾಲಿನ ಧೂಳು ಕೊಡವಿಕೊಂಡಳು. ‘ಎಳ್ನೀರ್ ಕುಡುದ್ನಲ್ಲ ಮಿಸ್ ಅವ್ರ್ ಕೈಲಿ. ಅದ್ಕೇ ಇರ್ಬೈದು’ ಎಂದಳು.

ಆಮೇಲಿನ ವಾರಗಳಲ್ಲಿ ನಾನು ನಾಯಿಯಂತೆ ಅಲೆದೆ. ಪಿಎಫ್ ಆಫೀಸಿನಲ್ಲಿ ಫ್ಯಾಕ್ಟರಿಯ ಪತ್ರ ತನ್ನಿ ಎಂದರು. ಫ್ಯಾಕ್ಟರಿಯಲ್ಲಿ ಲಾಯರನ್ನು ಕೇಳಿ ಎಂದರು. ಲಾಯರು ಪೊಲೀಸರ ರಿಪೋರ್ಟ್ ಬರಲಿ ಎಂದ. ಸ್ಟೇಷನ್ನಿನಲ್ಲಿ ಕೂತಿದ್ದವರು, ‘ನೀವು ಇಷ್ಟು ಓದಿದೋರು, ಆ ಹುಡುಗಿ ಪರ ಯಾಕಮ್ಮಾ ಇಷ್ಟು ಓಡಾಡ್ತೀರಿ, ನಿಮ್ದೇನಾದ್ರೂ ಇದೆಯಾ?’ ಎಂದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹೇಲ್ ಮೇರಿ ಎಂದು ಶುರು ಮಾಡಿ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿ ಎಂದು ಮುಗಿಸಿದ ಪ್ರಾರ್ಥನೆಗಳಿಗೆ ಲೆಕ್ಕವಿಲ್ಲ. ಕೊನೆಗೆ ನನ್ನ ಕೈಯ ಎರಡು ಚಿನ್ನದ ಬಳೆ ಅಡವಿಟ್ಟು, ಬೇಡ ಎನ್ನುವ ಮೊದಲೇ ಅವಳ ಅತ್ತೆಯ ಕೈಗೆ ದುಡ್ಡು ಹಾಕಿ ಬಂದೆ. ಡಾಕ್ಟರು ಬ್ಯಾಂಡೇಜು ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ಮೀಟಿ ನೋಡಿ, ಈಗ ಕೊಯ್ದರೂ ಪ್ರಯೋಜನ ಕಡಿಮೆ ಎಂದರಂತೆ. ಕೊಯ್ದರು. ಪ್ರಯೋಜನವಾಗಲಿಲ್ಲ.

ಟೈಮ್ ಕೀಪರ್ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಫ್ಯಾಕ್ಟರಿಯಲ್ಲಿ ನನ್ನ ಆ ಹಳೆಯ ಫಾರ್ಮ್ಯಾಟ್ ಜಾರಿಗೆ ಬಂತು. ಮದುವೆಗೆ ಹೊರಟವರೂ ‘ಸ್ವ ಇಚ್ಛೆಯಿಂದ ಬಿಟ್ಟಿದ್ದೇನೆ’ ಎಂದು ಬರೆದು ಹೋಗತೊಡಗಿದರು. ಡ್ರಾಯರಿನಲ್ಲಿದ್ದ ಬಳೆಯ ಪೊಟ್ಟಣ ಅಲ್ಲೇ ಉಳಿಯಿತು.

ಪಿಎಫ್ ಬಂತು, ಬರುವ ಹೊತ್ತಿಗೆ ಬಹಳ ತಡವಾಗಿತ್ತು. ಚೆಕ್ಕನ್ನು ನಾನೇ ಹಿಡಿದುಕೊಂಡು ಚನ್ನಪಟ್ಟಣಕ್ಕೆ ಹೋದೆ. ರಸ್ತೆ ಬದಿಯಲ್ಲಿ ಸಣ್ಣ ಬೊಂಬೆ ಅಂಗಡಿ ಹಾಕಿಕೊಂಡಿದ್ದರು, ಯಾರೋ ಮಾಡಿದ ಬೊಂಬೆಗಳನ್ನು ತಂದು ಮಾರುವುದು. ಅವನು ಎಡಗೈಯಲ್ಲಿ ಬಟ್ಟೆ ಹಿಡಿದು ಬುಗುರಿಗಳ ಧೂಳು ಒರೆಸುತ್ತಿದ್ದ. ಬಲಗೈ ತೊಡೆಯ ಮೇಲೆ, ಅರ್ಧ ಬಿಚ್ಚಿದ ಹಾಗೆ, ಯಾವುದನ್ನೋ ಹಿಡಿಯಲು ಹೊರಟು ಮರೆತ ಹಾಗೆ ಇತ್ತು. ಅವಳು ಚೆಕ್ಕನ್ನು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಯೊಳಗಿಟ್ಟಳು. ನನ್ನ ಮುಖ ನೋಡದೆ ಕೇಳಿದಳು.

‘ಮಿಸ್, ಆ ಸಾರು ಕನಕಪುರದ ಬಸ್ಸಲ್ಲಿ ನಮ್ಮಣ್ಣನಿಗೆ ಸಿಕ್ಕಿದ್ರಂತೆ. ಆವತ್ತೇ ಸೈನ್ ಹಾಕುಸ್ ಕೊಡ್ತೀನಿ, ದುಡ್ ಬರಂಗ್ ಮಾಡ್ತೀನಿ ಅಂತ ನಿಮ್ಗೇಳಿದ್ರಂತೆ. ನೀವು ಬ್ಯಾಡ ಅಂದ್ರಂತೆ. ದಿಟವಾ?’

ಸುಳ್ಳು ಹೇಳಬಹುದಿತ್ತು. ಅವನ ಮಾತನ್ನು ಯಾರು ನಂಬುತ್ತಿದ್ದರು.

‘ದಿಟ’ ಎಂದೆ.

ಗಂಡನ ಕೈಯಲ್ಲಿದ್ದ ಬಟ್ಟೆ ನಿಂತಿತು. ಆಮೇಲೆ ಮತ್ತೆ ಒರೆಸತೊಡಗಿತು. ಅವಳು ಎದ್ದು ಒಳಗೆ ಹೋದಳು. ಸ್ಟೌ ಪಂಪ್ ಮಾಡುವ ಸದ್ದು ಕೇಳಿತು. ನಾನು ಹೊರಡಲೆಂದು ಎದ್ದು ನಿಂತೆ.

‘ಕೂತ್ಕೊಳಿ ಮಿಸ್’ ಎಂದಿತು ಒಳಗಿನಿಂದ ಅವಳ ದನಿ. ‘ಕಾಪಿ ಕುಡ್ಕೊಂಡ್ ಹೋಗಿ.’

‘ಹೋಗಿ’ ಎಂದಳು. ‘ಹೋಗ್ಬನ್ನಿ’ ಎನ್ನಲಿಲ್ಲ.