ಕೊನೆಯ ಸಾಲಿನ ಕೇಳುಗ

ಮೇಲೂರಿನ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದೆ. ಬಿಳಿ ಮೀಸೆಯ ಹಿರಿಯರೊಬ್ಬರು ಬಂದು ಕೈ ಮುಗಿದು ಪಕ್ಕದಲ್ಲೇ ಕೂತರು. "ಗುರ್ತು ಸಿಕ್ತಾ ಮೇಡಂ? ನಾನು ಪೊಲೀಸ್‌ನಲ್ಲಿದ್ದೆ. ನಿಮ್ಮ ಭಾಷಣ ಕೇಳ್ಕೊಂಡು ಹೋಗಿ ರಿಪೋರ್ಟ್ ಕೊಡೋದು ನನ್ನ ಡ್ಯೂಟಿ ಆಗಿತ್ತು."

ಮುಖವನ್ನು ದಿಟ್ಟಿಸಿ ನೋಡಿದೆ; ಗುರುತು ಸಿಕ್ಕಿತು. ರಾಜ್ಯಶಾಸ್ತ್ರ ಕಲಿಸುತ್ತಾ, ಸರ್ಕಾರಗಳು ತಮ್ಮ ಜನರ ಮೇಲೆಯೇ ನಡೆಸುವ ದಬ್ಬಾಳಿಕೆಯ ಬಗ್ಗೆ ಸಂಶೋಧನೆ ಮಾಡಿದವಳು ನಾನು. ಶಿಡ್ಲಘಟ್ಟ, ಚಿಂತಾಮಣಿ, ಎಲ್ಲೇ ಮಾತಾಡಿದರೂ ಕೊನೆಯ ಸಾಲಿನಲ್ಲಿ ಇವರು ಇರುತ್ತಿದ್ದರು. ರೇಷ್ಮೆ ಬೆಳೆಗಾರರಿರಬೇಕು, ಪಾಪ, ಎಷ್ಟು ಆಸಕ್ತಿ ಎಂದುಕೊಂಡು ನಾನೇ ಕರೆದು ಟೀ ಕೊಡಿಸಿದ್ದೂ ಉಂಟು!

"ಏನಂತ ಬರೀತಿದ್ರಿ?" ಎಂದೆ.

"ಬೇಡಿ ಹಾಕಿಸ್ಕೊಂಡೋನ ಮೇಲೆ ಕೈ ಮಾಡೋದು ಹೇಡಿತನ ಅಂತ ನೀವು ಅಂದಿದ್ದನ್ನ ಒಂದ್ಸಲ ಬರೆದೆ. ಬರೆದ ಮೇಲೆ ಸ್ಟೇಷನ್‌ನಲ್ಲಿ ಯಾರಿಗೂ ಹೊಡೆಯಕ್ಕೆ ನಂಗೇ ಕೈ ಬರ್ಲಿಲ್ಲ ಕಣಮ್ಮ. ಸಾಹೇಬ್ರ ಹತ್ರ ಬೈಸ್ಕೊಂಡೆ, ಆದ್ರೂ ಹೊಡೀಲಿಲ್ಲ" ಎಂದವರು, ಬಡಿಸುವವರನ್ನು ಕರೆದು ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿದರು.

ಇಷ್ಟು ವರ್ಷ ಓದಿ, ಬರೆದು, ಮಾತಾಡಿ ಯಾರಿಗೇನು ಉಪಕಾರವಾಯಿತು ಎಂಬ ಬೇಸರ ನಿವೃತ್ತಿಯಾದಾಗಿನಿಂದ ಕಾಡುತ್ತಿತ್ತು. ನನಗೆ ಹೆಸರೂ ಗೊತ್ತಿಲ್ಲದ ಕೆಲವರು ಏಟು ತಿನ್ನದೆ ಮನೆ ಸೇರಿದ್ದರೆಂದು ಈಗ ತಿಳಿಯಿತು. ಅಷ್ಟು ಸಾಕು.